ಹನ್ನೆರಡಕ್ಕೆ ಎದ್ದು ಹೋಗುತ್ತಿದ್ದ ಅಜ್ಜಿ

ಓದುಗರ ಪ್ರಶ್ನೆ, ಅಂಚೆಯಮ್ಮನ ಉತ್ತರ

ಈ ಸಲ ಬಂದ ಹದಿನೇಳು ಪತ್ರಗಳಲ್ಲಿ ಒಂಬತ್ತರ ಗೋಳು ಒಂದೇ: ಕಾದು ಸಾಕಾಯಿತು. ತಾಳ್ಮೆಯ ಬಗ್ಗೆ ನಿಮ್ಮ ಅಭಿಪ್ರಾಯವನ್ನು ಕೂಡಲೇ ತಿಳಿಸಿ ಎಂದು ಸ್ಪೀಡ್ ಪೋಸ್ಟಿನಲ್ಲಿ ಬರೆದವರೂ ಒಬ್ಬರಿದ್ದಾರೆ. ಅವರನ್ನು ನೋಡಿ ನಗುವ ಹಾಗಿಲ್ಲ. ರಿಜಿಸ್ಟರ್ ಅಂಚೆಯನ್ನು 2025ರಲ್ಲಿ ಸ್ಪೀಡ್ ಪೋಸ್ಟಿನಲ್ಲೇ ಸೇರಿಸಿಬಿಟ್ಟಿದ್ದಾರೆ. ನಿಧಾನವಾಗಿ, ಆದರೆ ಭದ್ರವಾಗಿ ಹೋಗಲಿ ಎನ್ನುವವರಿಗೆ ಈಗ ಬೇರೆ ದಾರಿಯೇ ಇಲ್ಲ. ಮೂಡಿಗೆರೆ ತಾಲ್ಲೂಕಿನ ಒಂದು ಸಣ್ಣ ಅಂಚೆ ಕಚೇರಿಯಲ್ಲಿ ಬಹುಕಾಲ ಮುದ್ರೆ ಒತ್ತಿದ ನನ್ನ ಕೈಗೆ ಇದರಿಂದ ಸ್ವಲ್ಪ ಬೇಸರವಾಗಿದೆ. ಇರಲಿ. ಒಂಬತ್ತರಲ್ಲಿ ನಾಲ್ಕನ್ನು ಆರಿಸಿಕೊಂಡಿದ್ದೇನೆ.

*

ಪ್ರಶ್ನೆ: ಅಂಚೆಯಮ್ಮನವರಿಗೆ ನಮಸ್ಕಾರ. ನನಗೆ 34 ವರ್ಷ. ಸಕಲೇಶಪುರದ ಕಡೆಯವಳು. ಒಂಬತ್ತು ವರ್ಷಗಳಿಂದ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದೇನೆ. ಉಪನ್ಯಾಸಕರ ಅರ್ಹತಾ ಪರೀಕ್ಷೆ ಕೆ-ಸೆಟ್ ಪಾಸಾಗಿದೆ. ಕಾಯಂ ಹುದ್ದೆಗೆ ಅರ್ಜಿ ಕರೆಯುತ್ತಾರೆ, ತಡೆಯುತ್ತಾರೆ, ಕರೆದದ್ದು ನ್ಯಾಯಾಲಯಕ್ಕೆ ಹೋಗುತ್ತದೆ. ರಜೆಯ ತಿಂಗಳುಗಳಲ್ಲಿ ಸಂಬಳವಿಲ್ಲ. ಮದುವೆಯ ಮಾತು ಎರಡು ಸಲ ಬಂದು ‘ಕೆಲಸ ಕಾಯಂ ಆಗಲಿ’ ಎಂಬಲ್ಲಿಗೆ ನಿಂತಿತು. ಒಮ್ಮೆ ಅವರ ಕಡೆಯಿಂದ, ಒಮ್ಮೆ ನನ್ನ ಕಡೆಯಿಂದ. ಬಾಡಿಗೆ ಕೋಣೆಯಲ್ಲಿ ನನ್ನ ಪುಸ್ತಕಗಳು ಇನ್ನೂ ರಟ್ಟಿನ ಪೆಟ್ಟಿಗೆಯಲ್ಲೇ ಇವೆ. ಯಾವ ಊರಿಗೆ ಹಾಕುತ್ತಾರೋ, ಈಗಲೇ ಕಪಾಟು ಏಕೆ ಎಂದುಕೊಂಡೇ ಇಷ್ಟು ವರ್ಷ ಕಳೆಯಿತು. ಸ್ಕೂಟರ್ ಕಲಿಯಲಿಲ್ಲ. ಪಿಎಚ್‌.ಡಿ.ಗೆ ಹೆಸರು ನೋಂದಾಯಿಸಲಿಲ್ಲ. ಅಮ್ಮ ಮಾತ್ರ ‘ಬೇಲೂರು ದೇವಸ್ಥಾನ ಕಟ್ಟುವುದಕ್ಕೆ 103 ವರ್ಷ ಹಿಡಿಯಿತಂತೆ, ತಾಳಿದವನು ಬಾಳಿಯಾನು’ ಎನ್ನುತ್ತಾಳೆ. ತಾಳ್ಮೆಗೆ ನಿಜವಾಗಿಯೂ ಬೆಲೆಯಿದೆಯೇ? ಅಥವಾ ಅದು ಕೈಲಾಗದವರು ತಮ್ಮ ಸ್ಥಿತಿಗೆ ಇಟ್ಟುಕೊಂಡ ಚೆಂದದ ಹೆಸರೇ?
— ಹೆಸರು ಬೇಡ, ಹಾಸನ

ಉತ್ತರ: ನನ್ನ ಕಿರಿಯ ಮಗಳಿಗಿಂತ ನೀನು ಎರಡು ವರ್ಷ ಚಿಕ್ಕವಳು. ಹಾಗಾಗಿ ಏಕವಚನದಲ್ಲಿ ಬರೆಯುತ್ತೇನೆ, ಬೇಸರಿಸಬೇಡ.

ನಿನ್ನ ಪ್ರಶ್ನೆ ಓದಿದ ಕೂಡಲೇ ಒಬ್ಬ ಅಜ್ಜಿ ನೆನಪಾದರು. 1984 ಇರಬೇಕು. ನಾನು ಅಂಚೆ ಕೆಲಸಕ್ಕೆ ಸೇರಿ ನಾಲ್ಕು ವರ್ಷವಾಗಿತ್ತು. ಟಪಾಲು ಚೀಲ ಬೆಳಗಿನ ಬಸ್ಸಿನಲ್ಲಿ ಹತ್ತೂವರೆಯ ಹೊತ್ತಿಗೆ ಬರುತ್ತಿತ್ತು. ಅಜ್ಜಿ ಹತ್ತಕ್ಕೇ ಬಂದು ಕಚೇರಿಯ ಜಗಲಿಯಲ್ಲಿ ಕುಳಿತಿರುತ್ತಿದ್ದರು. ಗದ್ದೆ ಬಯಲಿನ ಆಚೆಯಿಂದ ಒಂದೂವರೆ ಮೈಲಿ ನಡೆದು ಬರುತ್ತಿದ್ದರು. ಮಳೆಗಾಲದಲ್ಲಿ ಗೊರಬು ಹೊದ್ದು ಬಂದು ಅದನ್ನು ಗೋಡೆಗೆ ಒರಗಿಸಿದರೆ ಅದರಿಂದ ನೀರು ಹರಿದು ನನ್ನ ಹೊಸ್ತಿಲ ತನಕ ಬರುತ್ತಿತ್ತು. ಅವರ ಮಗ ಮುಂಬೈಯ ಯಾವುದೋ ಹೋಟೆಲಿನಲ್ಲಿದ್ದ. ಅವನ ಮನಿಯಾರ್ಡರಿಗಾಗಿ ಈ ಕಾಯುವಿಕೆ. ಎರಡು ಮೂರು ತಿಂಗಳಿಗೊಮ್ಮೆ 150 ರೂಪಾಯಿ ಬರುತ್ತಿತ್ತು. ಫಾರಂನ ಅಡಿಯಲ್ಲಿ ನಾಲ್ಕು ಸಾಲು ಬರೆಯುವಷ್ಟು ಜಾಗವಿರುತ್ತಿತ್ತಲ್ಲ, ಅದನ್ನು ನಾನು ಓದಿ ಹೇಳಬೇಕಿತ್ತು. ‘ನಾನು ಕ್ಷೇಮ. ಯುಗಾದಿಗೆ ಬರುತ್ತೇನೆ’ ಎಂದಿರುತ್ತಿತ್ತು. ಯಾವ ಯುಗಾದಿ ಎಂದು ಇರುತ್ತಿರಲಿಲ್ಲ.

ಅಜ್ಜಿ ಬರಿಗೈಯಲ್ಲಿ ಬರುತ್ತಿರಲಿಲ್ಲ. ಸಾಹುಕಾರರ ಮನೆಯಿಂದ ಏಲಕ್ಕಿ ತಂದು ಜಗಲಿಯಲ್ಲಿ ಕುಳಿತು ತೊಟ್ಟು ಕತ್ತರಿಸುತ್ತಿದ್ದರು. ಸೇರಿಗೆ ಇಷ್ಟು ಎಂದು ಕೂಲಿ. ಆ ವರ್ಷಗಳಲ್ಲಿ ನಮ್ಮ ಅಂಚೆ ಕಚೇರಿಯಿಂದ ಹೋದ ಕಾಗದಗಳೆಲ್ಲ ಏಲಕ್ಕಿ ವಾಸನೆ ಹೊತ್ತೇ ಹೋಗಿರಬೇಕು. ಇನ್ನೊಂದು ವಿಷಯ ನನಗೆ ಬಹಳ ದಿನ ಅರ್ಥವಾಗಿರಲಿಲ್ಲ. ಗೋಡೆಯ ಗಡಿಯಾರ ಹನ್ನೆರಡು ಹೊಡೆದರೆ ಅವರು ಎದ್ದು ಹೋಗುತ್ತಿದ್ದರು. ಹಣ ಬಂದಿರಲಿ, ಬಾರದಿರಲಿ, ಚೀಲವನ್ನೇ ಇನ್ನೂ ಬಿಚ್ಚದಿರಲಿ, ಹನ್ನೆರಡು ಎಂದರೆ ಹನ್ನೆರಡು.

ಒಮ್ಮೆ ಆಷಾಢದಲ್ಲಿ ರಸ್ತೆಗೆ ಮರ ಬಿದ್ದು ಬಸ್ಸು ತಡವಾಯಿತು. ಹದಿನಾಲ್ಕು ತಿಂಗಳಿನಿಂದ ಮಗನ ಹಣ ಬಂದಿರಲಿಲ್ಲ. ಅಜ್ಜಿ ಎಂದಿನಂತೆ ಹನ್ನೆರಡಕ್ಕೆ ಎದ್ದರು, ಗೊರಬು ಹಾಕಿಕೊಂಡರು, ಹೋದರು. ಹನ್ನೆರಡು ಇಪ್ಪತ್ತಕ್ಕೆ ಚೀಲ ಬಂತು. ಬಿಚ್ಚಿ ನೋಡಿದರೆ ಅವರ ಮನಿಯಾರ್ಡರ್! ನನಗೆ ಹೊಟ್ಟೆ ಉರಿದುಹೋಯಿತು. ಕೌಂಟರ್ ಬಿಟ್ಟು ಓಡುವ ಹಾಗಿರಲಿಲ್ಲ. ಅಂಚೆಯಣ್ಣ ಬೇರೆ ದಿಕ್ಕಿಗೆ ಹೊರಟಾಗಿತ್ತು. ಮರುದಿನ ಅವರು ಬಂದಾಗ ಗದರಿಯೇಬಿಟ್ಟೆ: ‘ಇಪ್ಪತ್ತು ನಿಮಿಷ ಕೂತಿದ್ದರೆ ನಿಮ್ಮ ಗಂಟು ಹೋಗುತ್ತಿತ್ತೇ?’ ಅಜ್ಜಿ ಹೆಬ್ಬೆಟ್ಟಿಗೆ ಶಾಯಿ ಹಚ್ಚಿಕೊಳ್ಳುತ್ತಲೇ ಹೇಳಿದರು: ‘ದುಡ್ಡು ನಾಳೆಯೂ ದುಡ್ಡೇ ಅಲ್ಲವೇ ಅಮ್ಮಾ? ಹಸು ಹಾಗಲ್ಲ, ಹೊತ್ತಿಗೆ ಸರಿಯಾಗಿ ಕೂಗುತ್ತದೆ.’

ಮಗ ಬಂದನೇ ಎಂದು ಕೇಳುತ್ತೀಯಾ? ಬಂದ. ಎಂಟು ದಿನ ಇದ್ದು ಹೋದ. ಆಮೇಲೆ ನನಗೆ ವರ್ಗವಾಯಿತು. ಮುಂದಿನದು ಗೊತ್ತಿಲ್ಲ.

ಈಗ ಇನ್ನೊಂದು ಕಥೆ. ಇದನ್ನು ಬರೆಯಲು ನನಗೆ ಅಷ್ಟು ಸುಲಭವಿಲ್ಲ, ಏಕೆಂದರೆ ಇದರಲ್ಲಿ ತಪ್ಪು ನನ್ನದು.

ನನ್ನ ತವರೂ ಸಕಲೇಶಪುರವೇ. ಹಾಸನದಿಂದ ಮಂಗಳೂರಿಗೆ ಮೀಟರ್‌ಗೇಜ್ ರೈಲು ಬಂದದ್ದು 1979ರಲ್ಲಿ. ಅಮ್ಮ ಆ ರೈಲಿನಲ್ಲಿ ಒಮ್ಮೆ ಘಾಟಿ ಇಳಿದು ಕುಕ್ಕೆಗೆ ಹೋಗಿ ಬಂದಿದ್ದಳು. ಆ ಪ್ರಯಾಣದ ಬಗ್ಗೆ ಆಡಿದಷ್ಟು ಮಾತನ್ನು ಅವಳು ತನ್ನ ಮದುವೆಯ ಬಗ್ಗೆಯೂ ಆಡಿದವಳಲ್ಲ. ಮುಂದೆ ನನ್ನ ಅಣ್ಣನ ಮಗನಿಗೆ ಕಾಯಿಲೆಯಾದಾಗ ಸುಬ್ರಹ್ಮಣ್ಯನಿಗೆ ಬೆಳ್ಳಿಯ ನಾಗರ ಹೆಡೆ ಒಪ್ಪಿಸುತ್ತೇನೆಂದು ಹರಕೆ ಹೊತ್ತಳು. ಮಗು ಹುಷಾರಾಯಿತು. ಹೆಡೆಯೂ ಬಂತು, ಹಳದಿ ಬಟ್ಟೆಯಲ್ಲಿ ಸುತ್ತಿ ದೇವರ ಗೂಡಿನಲ್ಲಿಟ್ಟಳು. ಹೊರಡಬೇಕು ಎನ್ನುವಷ್ಟರಲ್ಲಿ, 1996ರಲ್ಲಿ, ಹಳಿ ಅಗಲ ಮಾಡುವುದಕ್ಕೆಂದು ಘಾಟಿಯ ರೈಲು ನಿಲ್ಲಿಸಿದರು.

ಬಸ್ಸು ಇತ್ತು. ಗುಂಡ್ಯದ ಮೇಲೆ ಹೋದರೆ ಮಧ್ಯಾಹ್ನದ ಊಟಕ್ಕೆ ಕುಕ್ಕೆ. ಆದರೆ ಅಮ್ಮನಿಗೆ ಶಿರಾಡಿ ಘಾಟಿಯ ತಿರುವೆಂದರೆ ವಾಂತಿ. ‘ರೈಲು ಬರಲಿ, ಹೋದರಾಯಿತು’ ಎಂದಳು. ನಾನೇನು ಮಾಡಿದೆ? ‘ಹೌದಮ್ಮ, ಇನ್ನೇನು ಬಂದೇಬಿಡುತ್ತದೆ, ತಾಳು’ ಎಂದೆ. ರೈಲಿನ ಸುದ್ದಿ ಪತ್ರಿಕೆಯಲ್ಲಿ ಬಂದಾಗಲೆಲ್ಲ ಕತ್ತರಿಸಿ ತಂದು ಓದಿ ಹೇಳುತ್ತಿದ್ದೆ. ಅವಳು ಬಟ್ಟೆ ಬಿಚ್ಚಿ ಹೆಡೆಯನ್ನು ಒರೆಸಿ ಮತ್ತೆ ಸುತ್ತಿಡುತ್ತಿದ್ದಳು. 2003ರಲ್ಲಿ ಹೋಗಿಬಿಟ್ಟಳು. ಪ್ರಯಾಣಿಕರ ರೈಲು ಮತ್ತೆ ಓಡಿದ್ದು 2007ರ ಡಿಸೆಂಬರಿನಲ್ಲಿ.

ಕೆಲವು ವರ್ಷಗಳ ಮೇಲೆ ಹಗಲು ರೈಲಿನಲ್ಲಿ ನಾನೇ ಆ ಹೆಡೆಯನ್ನು ತೆಗೆದುಕೊಂಡು ಹೋದೆ. ಆ ದಾರಿಯಲ್ಲಿ 57 ಸುರಂಗಗಳಿವೆ ಎನ್ನುತ್ತಾರೆ. ಮೂವತ್ತರ ತನಕ ಎಣಿಸಿದೆ, ಆಮೇಲೆ ಆಗಲಿಲ್ಲ. ಒಂದು ವಾಂತಿ ಮಾತ್ರೆ, ಮೂಸುವುದಕ್ಕೆ ಒಂದು ನಿಂಬೆಹಣ್ಣು, ಡ್ರೈವರ್ ಹಿಂದಿನ ಕಿಟಕಿ ಪಕ್ಕದ ಸೀಟು. ಅಷ್ಟಿದ್ದರೆ ಅಮ್ಮ 1996ರಲ್ಲೇ ಹೋಗಿ ಬರುತ್ತಿದ್ದಳು. ನಾವಿಬ್ಬರೂ ಅದನ್ನು ತಾಳ್ಮೆ ಎಂದುಕೊಂಡಿದ್ದೆವು.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ. ತಾಳ್ಮೆಗೆ ಬೆಲೆಯಿದೆಯೇ? ಇದೆ. ಹದಿನಾಲ್ಕು ತಿಂಗಳು ಬರಿಗೈಯಲ್ಲಿ ಹಿಂದಿರುಗಿದ ಮೇಲೂ ಮರುದಿನ ಹತ್ತು ಗಂಟೆಗೆ ಮುಖ ಸಿಂಡರಿಸಿಕೊಳ್ಳದೆ ಬರುವ ಬಲ ಅಜ್ಜಿಗೆ ಅದರಿಂದಲೇ ಬಂದಿತ್ತು. ಆದರೆ ಅವರು ಕಾಯುವುದಕ್ಕೆ ಕೊಟ್ಟದ್ದು ದಿನಕ್ಕೆ ಎರಡೇ ಗಂಟೆ. ಅದರಲ್ಲೂ ಏಲಕ್ಕಿಯ ಕೂಲಿ ಗಿಟ್ಟಿಸಿಕೊಳ್ಳುತ್ತಿದ್ದರು. ಉಳಿದ ದಿನವೆಲ್ಲ ಅವರದ್ದು, ಹಸುವಿನದ್ದು. ನೀನು ಕೊಟ್ಟಿರುವುದು ಒಂಬತ್ತು ವರ್ಷ, ಇಡಿಯಾಗಿ, ಕಪಾಟು ಸಮೇತ.

ಬೇಲೂರಿನ ವಿಷಯ ನಿನ್ನ ಅಮ್ಮನಿಗೆ ನನ್ನ ಪರವಾಗಿ ಹೇಳು. 103 ವರ್ಷ, ಮೂರು ತಲೆಮಾರು ಎಂದು ಅಲ್ಲಿನ ಗೈಡ್‌ಗಳೂ ಹೇಳುತ್ತಾರೆ. ಆದರೆ ವಿಷ್ಣುವರ್ಧನ ಚೆನ್ನಕೇಶವನನ್ನು ಪ್ರತಿಷ್ಠೆ ಮಾಡಿಸಿದ್ದು 1117ರಲ್ಲಿ, ಆರಂಭದಲ್ಲೇ. ಗರ್ಭಗುಡಿಯ ಮುಂದಿನ ನವರಂಗಕ್ಕೆ ಈಗ ಕಾಣುವ ಕಲ್ಲಿನ ಜಾಲಂಧ್ರಗಳು, ಅಂದರೆ ಜಾಲರಿ ಕಿಟಕಿಗಳು, ಬಂದದ್ದು ಅವನ ಮೊಮ್ಮಗ ವೀರಬಲ್ಲಾಳನ ಕಾಲಕ್ಕೆ. ಅದಕ್ಕೆ ಮುಂಚೆ ಅದು ತೆರೆದ ಮಂಟಪ. ಮಹಾದ್ವಾರದ ಗೋಪುರವನ್ನು 1397ರಲ್ಲಿ ವಿಜಯನಗರದ ದಂಡನಾಯಕ ಮತ್ತೆ ಕಟ್ಟಿಸಿದ. ಕಟ್ಟುವ ಕೆಲಸ ಮುಂದುವರಿಯುತ್ತಿದ್ದಾಗಲೇ ಕೇಶವನಿಗೆ ಪೂಜೆ, ನೈವೇದ್ಯ ನಡೆಯುತ್ತಿತ್ತು. ಗೋಡೆ ಮುಗಿಯಲಿ, ಆಮೇಲೆ ದೀಪ ಹಚ್ಚೋಣ ಎಂದು ಯಾರೂ ಕೂರಲಿಲ್ಲ. ಹಳೇಬೀಡನ್ನೂ ನೋಡಿಕೊಂಡು ಬಾ. ಅದು ಇನ್ನೂ ಮುಗಿದೇ ಇಲ್ಲ.

ಒಂದು ಹಾಳೆ ತೆಗೆದುಕೊಂಡು ‘ಕಾಯಂ ಆದ ಮೇಲೆ’ ಎಂದು ಮುಂದಕ್ಕೆ ಹಾಕಿದ್ದನ್ನೆಲ್ಲ ಬರೆ. ನಿನ್ನ ಪತ್ರದಲ್ಲೇ ನಾಲ್ಕು ಸಿಕ್ಕವು. ಸ್ಕೂಟರಿಗೂ ನೇಮಕಾತಿ ಆದೇಶಕ್ಕೂ ಏನು ಸಂಬಂಧ? ಪಿಎಚ್‌.ಡಿ.ಗೆ ಕನಿಷ್ಠ ಮೂರು ವರ್ಷ, ಗರಿಷ್ಠ ಆರು ಎಂದು ನಿಯಮವಿದೆ. ನೀನು ಕಾದ ಕಾಲದಲ್ಲಿ ಗರಿಷ್ಠವೂ ಮುಗಿದು ಮೂರು ವರ್ಷ ಉಳಿಯುತ್ತಿತ್ತು. ಇದನ್ನು ಚುಚ್ಚುವುದಕ್ಕೆ ಹೇಳುತ್ತಿಲ್ಲ. ಮುಂದಿನ ಆರು ವರ್ಷವೂ ಹೀಗೇ ಬರುತ್ತದೆ, ಹೀಗೇ ಹೋಗುತ್ತದೆ ಎಂಬ ಭಯದಿಂದ ಹೇಳುತ್ತಿದ್ದೇನೆ. ಅರ್ಜಿ ಹಾಕುವುದನ್ನು ಬಿಡಬೇಡ. ಅಧಿಸೂಚನೆ ಬಂದರೆ ಮೊದಲು ವಯೋಮಿತಿಯ ಸಾಲು ಓದು, ಎಷ್ಟು ಅವಕಾಶಗಳು ಉಳಿದಿವೆ ಎಂದು ಎಣಿಸಿ ಗೋಡೆಯ ಮೇಲೆ ಬರೆದಿಡು. ವಾರಕ್ಕೆ ಇಷ್ಟು ಗಂಟೆ ಪರೀಕ್ಷೆಯ ಓದು, ಒಂದು ದಿನ ಅದರ ಸುದ್ದಿ ವಿಚಾರಿಸುವುದು. ಹನ್ನೆರಡಾದ ಮೇಲೆ ಎದ್ದು ಹೋಗು.

ಮದುವೆಯ ಬಗ್ಗೆ ನಾನು ಉಪದೇಶ ಮಾಡುವುದಿಲ್ಲ. ಒಂದೇ ಒಂದು ಮಾತು ಕೇಳುತ್ತೇನೆ. ‘ಕಾಯಂ ಆಗಲಿ’ ಎಂದು ನಿನ್ನ ಕಡೆಯಿಂದ ಹೇಳಿದ ಸಲ, ಆ ಮನುಷ್ಯ ನಿನಗೆ ಒಪ್ಪಿಗೆಯಾಗಿದ್ದನೇ? ಆಗಿರದಿದ್ದರೆ ಕೆಲಸದ ನೆವ ಒಳ್ಳೆಯದೇ ಆಯಿತು. ಆಗಿದ್ದರೆ, ಅವನಿನ್ನೂ ಒಂಟಿಯಾಗಿದ್ದರೆ, ಫೋನು ಮಾಡಲು ಯಾವ ಆದೇಶವೂ ಬೇಕಾಗಿಲ್ಲ.

ಕಪಾಟಿಗೆ ಸಿಲ್ವರ್ ಓಕ್ ಹಲಗೆ ಅಗ್ಗ. ಮಳೆಗಾಲದಲ್ಲಿ ಕೊಳ್ಳಬೇಡ, ಹಸಿ ಮರ ಕೊಟ್ಟುಬಿಡುತ್ತಾರೆ, ಒಣಗಿದ ಮೇಲೆ ಸೊಟ್ಟಗಾಗುತ್ತದೆ.

*

ಪ್ರಶ್ನೆ: ನಾನು ಬೆಂಗಳೂರಿನ ಕೆಲಸ ಬಿಟ್ಟು ಮೂಡಿಗೆರೆಯ ನಮ್ಮ ಕಾಫಿ ತೋಟಕ್ಕೆ ಹಿಂದಿರುಗಿದವನು, 31 ವರ್ಷ. ಬಿಳಿ ಕಾಂಡಕೊರಕ ಹೊಡೆದ ಎರಡು ಎಕರೆ ಹಳೆಯ ಅರೇಬಿಕಾವನ್ನು ಕಿತ್ತು, 2022ರ ಮಳೆಗಾಲದಲ್ಲಿ ಎಸ್. 795 ಎಂಬ ಅರೇಬಿಕಾ ತಳಿಯ ಸಸಿ ನೆಟ್ಟೆ. ಮೂರನೆಯ ವರ್ಷ ಬಂದದ್ದು ಮನೆಯ ಕಾಫಿ ಪುಡಿಗೆ ಸಾಲುವಷ್ಟು. ಪಕ್ಕದ ತೋಟದವರು ರೋಬಸ್ಟಾ ಹಾಕಿ ಸ್ಪ್ರಿಂಕ್ಲರ್ ಬಿಟ್ಟು ಬೇಕಾದ ದಿನ ಹೂ ಅರಳಿಸುತ್ತಾರೆ. ಅಪ್ಪ ಪ್ರತಿ ಸಂಜೆ ‘ಇದ್ದದ್ದನ್ನೂ ಕಿತ್ತು ಹಾಕಿದೆ’ ಎನ್ನುತ್ತಾರೆ. ಇನ್ನೆಷ್ಟು ದಿನ ತಾಳಬೇಕು?
— ಒಬ್ಬ ಬೆಳೆಗಾರ

ಉತ್ತರ: ನಿಮ್ಮದು ಸುಲಭದ ಪ್ರಶ್ನೆ, ಏಕೆಂದರೆ ಇದಕ್ಕೆ ಲೆಕ್ಕವಿದೆ. ಅರೇಬಿಕಾ ಮೊದಲ ಫಸಲು ತೋರಿಸುವುದೇ ಮೂರನೆಯ ಅಥವಾ ನಾಲ್ಕನೆಯ ವರ್ಷ. ಕೈತುಂಬ ಬರಬೇಕಾದರೆ ಆರೇಳು ವರ್ಷ. ಯೆಮನ್‌ನ ಮೋಕಾ ಬಂದರಿನಿಂದ ಏಳು ಬೀಜ ತಂದರೆಂದು ನಾವೆಲ್ಲ ಹೇಳುವ ಬಾಬಾ ಬುಡನ್ ಅವರೂ ಗಿರಿಯಲ್ಲಿ ಬೆಳೆದ ಮೊದಲ ಬಟ್ಟಲು ಕಾಫಿಗೆ ಅಷ್ಟು ಕಾದಿರಲೇಬೇಕು. ನಿಮ್ಮ ಗಿಡ ತಡ ಮಾಡಿಲ್ಲ, ಹೊತ್ತಿಗೆ ಸರಿಯಾಗಿಯೇ ಇದೆ.

ಹೂಮಳೆಯ ವಿಷಯ ನಿಮಗೆ ನಾನು ಹೇಳಬೇಕಾಗಿಲ್ಲ. ಆದರೂ ಪಕ್ಕದವರ ಸ್ಪ್ರಿಂಕ್ಲರ್ ನೋಡಿ ಕಂಗೆಟ್ಟಿದ್ದೀರಿ, ಅದಕ್ಕೆ ನೆನಪಿಸುತ್ತೇನೆ. ಮೊಗ್ಗು ಚಳಿಗಾಲದಲ್ಲೇ ಗೆಣ್ಣಿನಲ್ಲಿ ಕಟ್ಟಿ ನಿಂತುಬಿಡುತ್ತದೆ. ಮುಂದೆ ಬರುವ ಒಣ ಹವೆಯನ್ನು ಅದು ಕಾಣಲೇಬೇಕು. ಬೇರು ನೀರಿಗೆ ಬಾಯಿ ಬಿಡದಿದ್ದರೆ ಹೂ ಒಟ್ಟಿಗೆ ಬರದೆ ಚದುರಿ ಬರುತ್ತದೆ, ಹಣ್ಣೂ ಚದುರುತ್ತದೆ, ಕೊಯ್ಲಿಗೆ ಆಳು ಹತ್ತು ಸಲ ಹೋಗಬೇಕಾಗುತ್ತದೆ. ಒಂದು ಇಂಚಿನಷ್ಟು ಮಳೆ ಒಮ್ಮೆಗೇ ಬಿದ್ದರೆ ಎಂಟು ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗಾಗುತ್ತದೆ. ಅರೆಬರೆ ಹನಿದರೆ ಮೊಗ್ಗು ಕೆಡುತ್ತದೆ. ಸ್ಪ್ರಿಂಕ್ಲರ್ ಬಿಡುವವರೂ ಈ ಒಣಗುವ ಕಾಲವನ್ನು ಬಿಟ್ಟುಕೊಟ್ಟಿಲ್ಲ, ಅದು ಮುಗಿದ ಮೇಲೆಯೇ ನೀರು ಹಾರಿಸುತ್ತಾರೆ. (ಇದನ್ನು ಬದುಕಿಗೆ ಹೋಲಿಸಿ ನಾಲ್ಕು ಸಾಲು ಬರೆಯಬಹುದಿತ್ತು. ಆದರೆ ಮಾರ್ಚ್ ತಿಂಗಳಲ್ಲಿ ಆಕಾಶ ನೋಡುತ್ತ ನಿಂತ ಬೆಳೆಗಾರನಿಗೆ ಅದನ್ನು ಓದಿಸಿದರೆ ಪತ್ರಿಕೆ ಹರಿದು ಹಾಕಿಯಾನು.)

ಬರೀ ಕಾಯುವ ಕಾಲವಂತೂ ಇದಲ್ಲ. ಕೊರಕದ ದುಂಬಿ ಹಾರಾಡುವುದು ಏಪ್ರಿಲ್–ಮೇ ಮತ್ತು ಮತ್ತೆ ಅಕ್ಟೋಬರಿನಿಂದ ಡಿಸೆಂಬರ್. ಅದಕ್ಕೆ ಮುಂಚೆ ಸಾಲು ಹಿಡಿದು ನಡೆದು, ಕಾಂಡದ ಮೇಲೆ ಉಬ್ಬಿದ ಗೆರೆ ಕಂಡ ಗಿಡವನ್ನು ಬುಡಸಮೇತ ಕಿತ್ತು ಸುಡಿ. ದುಂಬಿಗೆ ಬಿಸಿಲು ಬಿದ್ದ ಕಾಂಡವೇ ಇಷ್ಟ. ಹಾಗಾಗಿ ಮರಗಸಿಗೆಂದು ನೆರಳು ಮರದ ಕೊಂಬೆ ಸವರುವಾಗ ಕೈ ಬಿಗಿಹಿಡಿಯಿರಿ. ಸಸಿ ಎಳೆಯದಾಗಿರುವಾಗ ನಡುವೆ ಬಾಳೆ ಹಾಕಿದರೆ ನೆರಳೂ ಆಯಿತು, ಸಂತೆಗೆ ಗೊನೆಯೂ ಆಯಿತು. ಸಿಲ್ವರ್ ಓಕಿಗೆ ಮೆಣಸಿನ ಬಳ್ಳಿ ಹಬ್ಬಿಸಿದ್ದರೆ ಅದೂ ಮೂರು ನಾಲ್ಕು ವರ್ಷಕ್ಕೆ ಕೈಗೆ ಬರುತ್ತದೆ. ಅನುಮಾನವಿದ್ದರೆ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರಕ್ಕೆ ಒಂದು ದಿನ ಹೋಗಿ ಬನ್ನಿ. 1925ರಿಂದ ಅಲ್ಲಿ ಇದೇ ಕೆಲಸ ನಡೆದಿದೆ, ನಿಮ್ಮ ಎಸ್. 795 ಕೂಡ ಅಲ್ಲಿಯದೇ.

ನಿಮ್ಮ ಅಪ್ಪನ ಮಾತನ್ನು ಮಾತ್ರ ಇನ್ನೊಮ್ಮೆ ಕೇಳಿಸಿಕೊಳ್ಳಿ. ಕಿತ್ತದ್ದು ಅವರು ನೆಟ್ಟ ಗಿಡ. ಹುಳು ಹೊಡೆದಿರಲಿ, ಅವರ ಕೈಯ ಗಿಡ. ಆ ದಿನ ಕತ್ತಿ ಹಾಕುವಾಗ ಅವರನ್ನು ಕರೆದಿರಾ? ಇಲ್ಲವೆಂದು ನನ್ನ ಊಹೆ. ಸಂಜೆಯ ಹೊತ್ತು ಲೆಕ್ಕದ ಪುಸ್ತಕ ಅವರ ಮುಂದಿಟ್ಟು, ಯಾವ ಮರಕ್ಕೆ ಎಷ್ಟು ನೆರಳು ಬಿಡಬೇಕೆಂದು ಕೇಳಿ. ಗೊತ್ತಿದ್ದರೂ ಕೇಳಿ.

*

ಪ್ರಶ್ನೆ: ನಮ್ಮ ತಂದೆ 1999ರಲ್ಲಿ ಒಂದೂವರೆ ಎಕರೆ ಬಗರ್‌ಹುಕುಂ ಸಾಗುವಳಿಯನ್ನು, ಅಂದರೆ ಅನುಮತಿಯಿಲ್ಲದೆ ಉಳುತ್ತಿದ್ದ ಸರ್ಕಾರಿ ಜಮೀನನ್ನು, ಸಕ್ರಮ ಮಾಡಿಕೊಡಿ ಎಂದು ನಮೂನೆ 53ರಲ್ಲಿ ಅರ್ಜಿ ಹಾಕಿದ್ದರು. 2011ರಲ್ಲಿ ತೀರಿಕೊಂಡರು. ನಾನು ಈಗಲೂ ಅಲ್ಲೇ ರಾಗಿ, ಶುಂಠಿ ಹಾಕುತ್ತಿದ್ದೇನೆ. ಕೇಳಿದಾಗಲೆಲ್ಲ ಕಚೇರಿಯಲ್ಲಿ ‘ಬರುತ್ತದೆ, ತಾಳ್ಮೆಯಿರಲಿ’ ಎನ್ನುತ್ತಾರೆ. ನನ್ನ ತಾಯಿಗೆ ಈಗ 78. ಅವಳ ಕಣ್ಣ ಮುಂದೆ ಆಗುತ್ತದೆಯೇ?
— ಆಲೂರು ಕಡೆಯ ರೈತ

ಉತ್ತರ: ಆಗುತ್ತದೆಯೋ ಇಲ್ಲವೋ ನಾನು ಹೇಳಲಾರೆ. ಆದರೆ ದಯವಿಟ್ಟು ತಾಳಬೇಡಿ. ಕೊಡಬೇಕಾದವನು ತೆಗೆದುಕೊಳ್ಳಬೇಕಾದವನಿಗೆ ತಾಳ್ಮೆ ಬೋಧಿಸಿದರೆ ನನಗೆ ರಕ್ತ ಕುದಿಯುತ್ತದೆ.

ಮೊದಲು ಮನೆಯಲ್ಲಿ ಹುಡುಕಿ: 1999ರ ಅರ್ಜಿಯ ಸ್ವೀಕೃತಿ ಚೀಟಿ ಇದೆಯೇ? ಟ್ರಂಕಿನ ಅಡಿಯಲ್ಲಿ, ಹಳೆಯ ಪಂಚಾಂಗದ ನಡುವೆ, ತಂದೆಯ ಕೋಟಿನ ಜೇಬಿನಲ್ಲಿ ನೋಡಿ. ಅದರ ಎರಡು ಪ್ರತಿ ಮಾಡಿಸಿ, ಮೂಲವನ್ನು ಯಾರ ಕೈಗೂ ಕೊಡಬೇಡಿ. ಎರಡನೆಯದು, ತಂದೆ ತೀರಿಕೊಂಡ ವಿಷಯ ಆ ಕಡತಕ್ಕೆ ಗೊತ್ತಿದೆಯೇ? ಗೊತ್ತಿಲ್ಲದಿದ್ದರೆ ಮರಣ ಪ್ರಮಾಣಪತ್ರ ಮತ್ತು ವಂಶವೃಕ್ಷ ಸೇರಿಸಿ ವಾರಸುದಾರರ ಹೆಸರು ದಾಖಲಿಸುವಂತೆ ಬರೆದು ಕೊಡಿ, ಕೊಟ್ಟದ್ದಕ್ಕೆ ಸಹಿ ಮುದ್ರೆ ತೆಗೆದುಕೊಳ್ಳಿ.

ಮೂರನೆಯದು ನನ್ನ ಇಲಾಖೆಯ ಔಷಧ. ಅಂಚೆ ಕಚೇರಿಗೆ ಹೋಗಿ ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಕೊಳ್ಳಿ. ಮಾಹಿತಿ ಹಕ್ಕು ಕಾಯ್ದೆ, 2005ರ 6(1)ನೇ ಪ್ರಕರಣದ ಅಡಿ ತಾಲ್ಲೂಕು ಕಚೇರಿಯ ಮಾಹಿತಿ ಅಧಿಕಾರಿಗೆ ಬರೆಯಿರಿ. ಬಿಪಿಎಲ್ ಕುಟುಂಬವಾದರೆ ಆ ಹತ್ತು ರೂಪಾಯಿಯೂ ಬೇಡ, ಕಾರ್ಡಿನ ಪ್ರತಿ ಲಗತ್ತಿಸಿ. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ ಎಂಬ ನಿಯಮವಿದೆ; ಅದನ್ನು ಮೀರಿದರೆ ತಿರಸ್ಕರಿಸಲು ನೆವ ಸಿಕ್ಕಿದಂತೆ. ಆದ್ದರಿಂದ ಕಷ್ಟಸುಖ ಬರೆಯಬೇಡಿ. ತಂದೆಯ ಹೆಸರು, ಸರ್ವೆ ನಂಬರ್, ಅರ್ಜಿಯ ದಿನಾಂಕ ಬರೆದು ಇಷ್ಟೇ ಕೇಳಿ: ಕಡತ ಈಗ ಯಾವ ಹಂತದಲ್ಲಿದೆ, ಬಗರ್‌ಹುಕುಂ ಸಮಿತಿಯ ಮುಂದೆ ಯಾವ ದಿನಾಂಕದಂದು ಮಂಡಿಸಲಾಗಿದೆ, ಮಂಡಿಸಿದ್ದರೆ ನಡಾವಳಿಯ ಪ್ರತಿ ಕೊಡಿ. ಮೂವತ್ತು ದಿನದಲ್ಲಿ ಉತ್ತರ ಬರಬೇಕು. ಬಾರದಿದ್ದರೆ, ಆ ಮೂವತ್ತು ದಿನ ಮುಗಿದ ಮೇಲೆ ಇನ್ನು ಮೂವತ್ತು ದಿನದೊಳಗೆ ಮೇಲಿನ ಅಧಿಕಾರಿಗೆ ಮೊದಲ ಮೇಲ್ಮನವಿ.

ಸಮಿತಿಯ ಅಧ್ಯಕ್ಷರು ನಿಮ್ಮ ಕ್ಷೇತ್ರದ ಶಾಸಕರೇ. ತಾಯಿಯನ್ನು ಕರೆದುಕೊಂಡು ಒಮ್ಮೆ ಅವರನ್ನು ಕಂಡು ಬನ್ನಿ, ಅರ್ಜಿಯ ಪ್ರತಿ ಕೈಯಲ್ಲಿರಲಿ. ಉತ್ತರ ಬಂದರೂ ಬಾರದಿದ್ದರೂ ನನಗೆ ಬರೆಯಿರಿ. ಎಪ್ಪತ್ತೆಂಟರ ತಾಯಿಗೆ ನಮಸ್ಕಾರ ತಿಳಿಸಿ.

*

ಪ್ರಶ್ನೆ: ಹಾಸನಾಂಬೆಯ ದರ್ಶನಕ್ಕೆ ಗಂಟೆಗಟ್ಟಲೆ ಸಾಲು. 1000 ರೂಪಾಯಿ ಟಿಕೆಟ್ ತೆಗೆದುಕೊಂಡು ಬೇಗ ಹೋದರೆ, ಸಾಲಿನಲ್ಲಿ ನಿಂತು ತಾಳಿದವರಿಗೆ ಸಿಗುವ ಪುಣ್ಯ ನನಗೆ ಸಿಗುವುದೇ?
— ಚನ್ನರಾಯಪಟ್ಟಣದ ಓದುಗ

ಉತ್ತರ: ಪುಣ್ಯದ ಲೆಕ್ಕ ಅಂಚೆ ಇಲಾಖೆಯಲ್ಲಿ ಇಡುತ್ತಿರಲಿಲ್ಲ. ಆಶ್ವಯುಜದ ಹುಣ್ಣಿಮೆಯಾದ ಮೇಲಿನ ಮೊದಲ ಗುರುವಾರ ಬಾಗಿಲು ತೆರೆಸಿಕೊಂಡು, ದೀಪಾವಳಿ ಕಳೆದ ಮೇಲೆ ಮತ್ತೆ ವರ್ಷವೆಲ್ಲ ಒಬ್ಬಳೇ ಬಾಗಿಲು ಮುಚ್ಚಿಕೊಂಡು ಕೂರುವ ತಾಯಿ ಅವಳು. ನೀವು ಯಾವ ಸಾಲಿನಿಂದ ಬಂದಿರಿ ಎಂದು ನೋಡುತ್ತಾಳೆಂದು ನನಗೆ ಅನ್ನಿಸುವುದಿಲ್ಲ. ಮಂಡಿ ನೋವಿದ್ದರೆ ಟಿಕೆಟ್ ತೆಗೆದುಕೊಳ್ಳಿ. ಇಲ್ಲದಿದ್ದರೆ ಬೆಳಗಿನ ಜಾವ ಹೋಗಿ, ನೀರಿನ ಬಾಟಲಿ ಇರಲಿ, ಕೈಗೆ ಏನಾದರೂ ಕೆಲಸ ಇರಲಿ. ಹೋದ ವರ್ಷ ನಾನು ಧರ್ಮದರ್ಶನದ ಸಾಲಿನಲ್ಲೇ ನಿಂತು ಮೊಮ್ಮಗನಿಗೆ ಉಣ್ಣೆಯ ಟೋಪಿ ಹೆಣೆದು ಮುಗಿಸಿದೆ. ಸಾಲು ಉದ್ದವಿದ್ದುದರಿಂದಲೋ ಏನೋ, ಟೋಪಿ ಅವನ ಕಣ್ಣು ಮುಚ್ಚುವಷ್ಟು ದೊಡ್ಡದಾಯಿತು. ಬೀರುವಿನಲ್ಲಿಟ್ಟಿದ್ದೇನೆ, ಅವನಿಗೀಗ ನಾಲ್ಕು ವರ್ಷ.